ಫ್ರೆಂಚ್ ಚಾಪೆಲಿನ ಟೊಳ್ಳು ಗೋಡೆ

ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಟ್ಟಡದೊಳಗೆ ಕಾಲಿಟ್ಟ ಮೊದಲ ದಿನ ನಿಮಗೆ ತಲೆಬುಡ ಅರ್ಥವಾಗುವುದಿಲ್ಲ. ಮೂವತ್ತು ವರ್ಷ ಕಳೆದ ಮೇಲೂ ಅಷ್ಟೇ. ಆದರೆ ಅಷ್ಟು ಹೊತ್ತಿಗೆ ಅರ್ಥವಾದವರ ಹಾಗೆ ಮುಖ ಮಾಡಿಕೊಂಡು ನಿಲ್ಲುವುದು ರೂಢಿಯಾಗಿರುತ್ತದೆ.

ನಾನು ಡ್ರಾಫ್ಟ್ಸ್‌ವುಮನ್ ಆಗಿದ್ದೆ, ಅಂದರೆ ನಕ್ಷೆ ಬರೆಯುವವಳು. ಮುಂಬಯಿಯಲ್ಲಿ, ದಾದರಿನ ಹೂವಿನ ಮಾರ್ಕೆಟ್ಟಿನ ಹಿಂದೆ, ಲಿಫ್ಟ್ ಇಲ್ಲದ ಒಂದು ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಹಳೆಯ ಕಟ್ಟಡಗಳನ್ನು ಕೆಡವದೆ ರಿಪೇರಿ ಮಾಡಿ ಉಳಿಸುವುದು ನಮ್ಮ ಸಾಹೇಬರಾದ ಕರ್ಣಿಕರ ದಂಧೆ. ಆ ಕಟ್ಟಡಗಳನ್ನು ಮೂಲೆ ಮೂಲೆಯೂ ಬಿಡದೆ ಅಳೆದು ಕಾಗದದ ಮೇಲೆ ಇಳಿಸುವುದು ನನ್ನ ಕೆಲಸ. ಉಡುಪಿ ಕಡೆಯಿಂದ ಬಂದ ನನ್ನ ಅಪ್ಪ ದಾದರಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ನಾನು ಬೆಳೆದದ್ದು ಗೋರೆಗಾಂವಿನ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಸಾಲುಮನೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನಲ್ಲಿಯ ಸಾಲಿನಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ ಮತ್ತು ಮುರುಕು ಇಂಗ್ಲಿಷ್. ಅಪ್ಪನಿಗೆ ಕೊನೆಯವರೆಗೂ ನನ್ನ ಕೆಲಸ ಏನೆಂದು ತಿಳಿಯಲಿಲ್ಲ. ಮನೆ ಕಟ್ಟುವ ಮೊದಲು ನಕ್ಷೆ ಬರೆಯುವುದು ಸರಿ, ಕಟ್ಟಿ ನೂರು ವರ್ಷವಾದ ಮೇಲೆ ಯಾಕೆ ಬರೆಯುವುದು ಎಂದು ಕೇಳುತ್ತಿದ್ದರು.

ಆಗ ನಮ್ಮ ಕೈಯಲ್ಲಿದ್ದದ್ದು ಉದ್ದದ ಟೇಪು ಮತ್ತು ಓಳಂಬಾ. ದಾರಕ್ಕೆ ಗುಂಡು ಕಟ್ಟಿ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಸಾಧನಕ್ಕೆ ಮುಂಬಯಿಯಲ್ಲಿ ಓಳಂಬಾ ಎನ್ನುತ್ತಾರೆ. ಟೇಪಿನ ಒಂದು ತುದಿ ಹಿಡಿಯಲು ಯಾರಾದರೂ ಬೇಕು, ಹಿಡಿದವರು ಸರಿಯಾಗಿ ಹಿಡಿಯುವುದಿಲ್ಲ. ಪಾರಿವಾಳ ತಲೆಯ ಮೇಲೆ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಿರಗಾಂವಿನ ಒಂದು ಹಳೆ ಮನೆಯ ಸೂರಿನ ಕೆಳಗೆ ಚೆಂದದ ಕೆತ್ತನೆಯೊಂದನ್ನು ಕಂಡು, ಎರಡು ದಿನ ಕಣ್ಣು ಕಿರಿದು ಮಾಡಿ ಬರೆದೆ. ಸಾಹೇಬರು ಬೇರೆ ಮನೆಗಳಲ್ಲಿಲ್ಲದ ಶೈಲಿ ಎಂದು ಮೆಚ್ಚಿಕೊಂಡರು. ಮುಂದಿನ ವಾರ ಹೋಗಿ ನೋಡಿದರೆ ಜಾಗ ಖಾಲಿ. ಅದು ಜೇನುಗೂಡಾಗಿತ್ತು, ಮನೆಯವರು ಹೊಗೆ ಹಾಕಿ ಇಳಿಸಿದ್ದರು.

ಕರ್ಣಿಕ್ ಸಾಹೇಬರು ಒಳ್ಳೆಯ ಮನುಷ್ಯ. ಚಹಾ ಕುಡಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ, ಒಂದು ದಿನವೂ ನನ್ನ ಮೇಲೆ ಕೂಗಾಡಲಿಲ್ಲ. ಅವರಿಗಿದ್ದದ್ದು ಒಂದೇ ಒಂದು ತೊಂದರೆ. ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಯಾವ ಕಲ್ಲು ತೋರಿಸಿದರೂ ಅದಕ್ಕೊಂದು ಕಥೆ ಸಿದ್ಧವಾಗಿರುತ್ತಿತ್ತು. ಕೇಳುವವರಿಗೆ ಆ ಕಥೆ ಎಷ್ಟು ಹಿಡಿಸುತ್ತಿತ್ತೆಂದರೆ, ಕಲ್ಲು ಬೇರೇನನ್ನೋ ಹೇಳುತ್ತಿದೆ ಎಂದು ಅನ್ನಿಸಿದರೂ ನಾವು ಸುಮ್ಮನಾಗುತ್ತಿದ್ದೆವು.

ಆ ಸಾಹೇಬರಿಗೆ, ನನಗೆ, ಗಾರೆ ಕೆಲಸದ ನಮ್ಮ ಮಿಸ್ತ್ರಿಗೆ, ಮೂವರಿಗೂ ಒಟ್ಟಿಗೆ ಮಂಕು ಕವಿಸಿದ ಕಟ್ಟಡವೆಂದರೆ ವಿಲೆ ಪಾರ್ಲೆಯ ಫ್ರೆಂಚ್ ಚಾಪೆಲ್. ದೊಡ್ಡ ಚರ್ಚ್ ಏನಲ್ಲ. ಸಿಸ್ಟರ್‌ಗಳ ಒಂದು ಕಾನ್ವೆಂಟ್ ಶಾಲೆಯ ಹಿಂದೆ, ವಿಮಾನ ನಿಲ್ದಾಣದ ಕಡೆಗೆ ಮುಖ ಮಾಡಿ ಕೂತಿರುವ ಪುಟ್ಟ ಪ್ರಾರ್ಥನಾ ಮಂದಿರ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಸಿಸ್ಟರ್‌ಗಳು ಅದನ್ನು ಕಟ್ಟಿಸಿದರಂತೆ. ನಕ್ಷೆ ಅಲ್ಲಿಂದಲೇ ಬಂತು, ಬಣ್ಣದ ಗಾಜೂ ಅಲ್ಲಿಂದ ಬಂತು, ಕರಿಕಲ್ಲು ಮತ್ತು ಬೆವರು ಇಲ್ಲಿಯದು. ಈಗ ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಗಾಜು ಗುಂಯ್ ಎನ್ನುತ್ತದೆ, ಪಾದ್ರಿಗಳು ಪ್ರವಚನವನ್ನು ಅರ್ಧಕ್ಕೆ ನಿಲ್ಲಿಸಿ ಅದು ದಾಟುವವರೆಗೆ ಕಾಯುತ್ತಾರೆ.

ಚಾಪೆಲಿನ ಕೀಲಿಕೈ ಇದ್ದದ್ದು ಸಿಸ್ಟರ್ ಬೆನೆಡಿಕ್ಟಾ ಅವರ ಹತ್ತಿರ. ಮಂಗಳೂರು ಕಡೆಯಿಂದ ಹುಡುಗಿಯಾಗಿದ್ದಾಗಲೇ ಬಂದು, ಆ ಶಾಲೆಯಲ್ಲಿ ಲೆಕ್ಕ ಮತ್ತು ಹೊಲಿಗೆ ಕಲಿಸಿ ಮುದುಕಿಯಾದವರು. ಕಾನ್ವೆಂಟಿನಲ್ಲಿ ಆಗ ನಾಲ್ಕೈದು ವಯಸ್ಸಾದ ಸಿಸ್ಟರ್‌ಗಳಷ್ಟೇ ಉಳಿದಿದ್ದರು. ನನ್ನ ಹೆಸರು ವಸಂತಿ ಎಂದು ಕೇಳಿದ ಕೂಡಲೇ ಅವರು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದರು. ಆಮೇಲೆ ನಾನು ಹೋದಾಗಲೆಲ್ಲ ಬೆಲ್ಲದ ಕಾಫಿ.

ಚಾಪೆಲಿನ ಉತ್ತರದ ಗೋಡೆ ಅಳುತ್ತಿತ್ತು. ಮಳೆಗಾಲದಲ್ಲಿ ಒಳಗಡೆಯಿಂದ ನೀರು ಜಿನುಗಿ, ಬಣ್ಣ ಹಪ್ಪಳದ ಹಾಗೆ ಎದ್ದು ಬೀಳುತ್ತಿತ್ತು, ಮೇಲಿನಿಂದ ಕೆಳಗೆ ಒಂದು ಬಿರುಕೂ ಇತ್ತು. ಪರೀಕ್ಷೆಗೆ ಬಂದ ಎಂಜಿನಿಯರು ಅದನ್ನು ಸಿ-ವನ್ ಎಂದು ಬರೆದುಬಿಟ್ಟರು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿ-ವನ್ ಅಂದರೆ ಅಪಾಯಕಾರಿ ಕಟ್ಟಡ, ಖಾಲಿ ಮಾಡಿ ಕೆಡವಬೇಕು. ಸಿಸ್ಟರ್‌ಗಳ ಸಭೆಯ ಮೇಲಿನವರು ಸಾಹೇಬರನ್ನು ಕರೆಸಿ, ಒಂದು ಮಳೆಗಾಲದ ಅವಕಾಶ ಕೊಡುತ್ತೇವೆ, ಆ ಮಳೆ ಮುಗಿಯುವಾಗ ಗೋಡೆ ಒಣಗಿದ್ದರೆ ಚಾಪೆಲ್ ಉಳಿಯಲಿ, ಇಲ್ಲದಿದ್ದರೆ ಅದೇ ಜಾಗದಲ್ಲಿ ಶಾಲೆಗೆ ಹಾಲ್ ಕಟ್ಟಿಸುತ್ತೇವೆ ಎಂದರು.

ಮೊದಲ ದಿನವೇ ಸಿಸ್ಟರ್ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನೋಡಿ ವಸಂತಿ, ಇಲ್ಲಿ ತೀರಿಕೊಂಡ ಸಿಸ್ಟರ್‌ಗಳೆಲ್ಲ ಈ ಬಾಗಿಲಿಂದಲೇ ಹೋದದ್ದು. ಆ ಫ್ರೆಂಚಿನವರು ಸಹ. ಒಂದು ರಾತ್ರಿ ಇಲ್ಲಿ ಮಲಗಿಸುದು, ಸುತ್ತ ಕ್ಯಾಂಡಲ್ ಇಡುದು, ಬೆಳಿಗ್ಗೆ ಪೂಜೆ ಮಾಡಿ ತಕೊಂಡು ಹೋಗುದು. ನನ್ನನ್ನು ಶಾಲೆಯ ಹಾಲಿಂದ ಕಳಿಸುದು ಬೇಡ ಮಾರಾಯ್ತಿ. ಅಷ್ಟು ಮಾಡಿ ಕೊಡಿ."

ಆಯ್ತು ಸಿಸ್ಟರ್ ಎಂದೆ. ನಕ್ಷೆ ಬರೆಯುವವಳ ಕೈಯಲ್ಲಿ ಏನಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅಳೆಯಲು ಶುರು ಮಾಡಿದೆವು. ಗೊಂದಲ ಶುರುವಾದದ್ದೂ ಅಲ್ಲಿಂದಲೇ. ಯಾವುದೇ ಕಟ್ಟಡವನ್ನು ಒಳಗೆ ಅಳೆಯಿರಿ, ಅದಕ್ಕೆ ಬಾಗಿಲಲ್ಲಿ ಅಳೆದ ಗೋಡೆಯ ದಪ್ಪವನ್ನು ಎರಡೂ ಬದಿಗೆ ಕೂಡಿಸಿ, ಹೊರಗಿನ ಅಳತೆ ಬರಬೇಕು. ಚಾಪೆಲಿನಲ್ಲಿ ಬರಲಿಲ್ಲ. ಹೊರಗಿನಿಂದ ಚಾಪೆಲ್ ಒಂದು ಮೊಳ ಹೆಚ್ಚು ಅಗಲವಾಗಿತ್ತು. ಟೇಪು ಬದಲಿಸಿದೆ, ಹಿಡಿಯುವವರನ್ನು ಬದಲಿಸಿದೆ, ಕೊನೆಗೆ ಕನ್ನಡಕವನ್ನೂ ಬದಲಿಸಿದೆ. ಎಷ್ಟು ಅಳೆದು ಸುರಿದರೂ ಆ ಮೊಳ ಹಾಗೆಯೇ ಉಳಿಯಿತು. ನನ್ನ ತಲೆಯಲ್ಲೇ ಏನೋ ಸಡಿಲವಾಗಿದೆ ಎಂದು ಹೆದರಿಕೆಯಾಗಿ, ಮನೆಗೆ ಹೋಗಿ ಅಡುಗೆಮನೆ ಅಳೆದು ನೋಡಿದೆ. ಅಲ್ಲಿ ಸರಿಯಾಗಿ ಕೂಡಿತು.

ಸಾಹೇಬರು ನಕ್ಕರು. ಹಳೆ ಕಟ್ಟಡದಲ್ಲಿ ಇಷ್ಟು ವ್ಯತ್ಯಾಸ ಇದ್ದದ್ದೇ, ನಾಲ್ಕೂ ಗೋಡೆಗೆ ಸ್ವಲ್ಪ ಸ್ವಲ್ಪ ಹಂಚಿಬಿಡೋಣ ಎಂದು ತಾವೇ ಪೆನ್ಸಿಲ್ ತೆಗೆದುಕೊಂಡು ಹಂಚಿದರು. ಕಾಗದದ ಮೇಲೆ ಚಾಪೆಲ್ ಮುದ್ದಾಗಿ ಕೂತಿತು. ವಿಲೆ ಪಾರ್ಲೆಯ ಚಾಪೆಲ್ ಮಾತ್ರ ಇದ್ದ ಹಾಗೆಯೇ ಇತ್ತು.

ನಮ್ಮ ದಸ್ತಗೀರ್ ಮಿಸ್ತ್ರಿ ವಿಜಾಪುರದವರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಅಚ್ಚ ವಿಜಾಪುರದ ಕನ್ನಡ. ಗೋಳಗುಮ್ಮಟಕ್ಕೆ ಗಾರೆ ಕಲಸಿದವರ ವಂಶ ತಮ್ಮದು ಎಂದು ಹೇಳಿಕೊಳ್ಳುತ್ತಿದ್ದರು. ಯಾವ ಗಾರೆ ಕೆಲಸ ಕೆಟ್ಟರೂ ತಪ್ಪು ಮರಳಿನದು ಎನ್ನುತ್ತಿದ್ದರು. ಉತ್ತರದ ಗೋಡೆಯ ಸಡಿಲ ಗಾರೆ ಕೀಳಲು ಹೋದ ಅವರು ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾ ಹೋಗಿ, ಒಂದು ಕಡೆ ಥಟ್ಟನೆ ನಿಂತರು. ಅಲ್ಲಿ ಸದ್ದು ಬೇರೆಯಾಗಿತ್ತು. ಖಾಲಿ ಡಬ್ಬ ಬಡಿದ ಹಾಗೆ.

ಮಿಸ್ತ್ರಿ ಸುತ್ತಿಗೆ ಕೆಳಗಿಟ್ಟು, ಟೋಪಿ ಸರಿಮಾಡಿಕೊಂಡು, ಗೋಡೆಗೆ ಸಲಾಂ ಮಾಡಿದರು.

"ಅಕ್ಕಾರ, ಇದರೊಳಗ ಯಾರೋ ಮಲಗ್ಯಾರ್ರಿ. ಗೋರಿ ಮ್ಯಾಲೆ ನಾ ಹತೋಡಿ ಎತ್ತಂಗಿಲ್ಲ. ಮೊದಲ ಪರ್ಮಿಷನ್ ತಗೋರಿ."

ಯಾರ ಪರ್ಮಿಷನ್ ಎಂದು ಕೇಳಿದೆ.

"ಮಲಗಿದವರದ ರೀ," ಎಂದರು.

ಕೆಲಸ ನಿಂತಿತು. ಊರೆಲ್ಲ ಸುದ್ದಿಯಾಯಿತು. ವಾಚ್‌ಮನ್ ಬಂಗಾರ ಎಂದ. ಶಾಲೆಯ ಹುಡುಗಿಯರು ಭೂತ ಎಂದರು. ಸಾಹೇಬರು ಬಂದು ಒಂದು ಸುತ್ತು ಹಾಕಿ, ಇದು ಸಿಸ್ಟರ್‌ಗಳು ಗಲಭೆಯ ಕಾಲದಲ್ಲಿ ತಪ್ಪಿಸಿಕೊಳ್ಳಲು ಮಾಡಿಸಿದ ಗುಪ್ತದಾರಿ, ಸಮುದ್ರದವರೆಗೂ ಹೋಗುತ್ತಿದ್ದಿರಬೇಕು ಎಂದರು. ಪಾರ್ಲೆಯಿಂದ ಸಮುದ್ರ ಎಷ್ಟು ದೂರ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಸಿಸ್ಟರ್ ಬೆನೆಡಿಕ್ಟಾ ಮಾತ್ರ, ಇಷ್ಟು ವರ್ಷದಲ್ಲಿ ತಮಗೆ ಯಾರೂ ಏನೂ ಹೇಳಿಲ್ಲ, ದೇವರಾಣೆಗೂ ಗೊತ್ತಿಲ್ಲ ಎಂದರು. ಅಷ್ಟು ಜನರಲ್ಲಿ ಗೊತ್ತಿಲ್ಲ ಎಂದವರು ಅವರೊಬ್ಬರೇ.

ಕೊನೆಗೆ ಸಿಸ್ಟರೇ ಗೋಡೆಯ ಮುಂದೆ ನಿಂತು ಒಂದು ಪ್ರಾರ್ಥನೆ ಹೇಳಿದರು, ಮಿಸ್ತ್ರಿಯೂ ತಮ್ಮದೊಂದು ಹೇಳಿಕೊಂಡರು, ಕೆಲಸ ಮುಂದುವರಿಯಿತು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಹಳೆ ಕಪಾಟನ್ನು ಸರಿಸಿದರೆ ಹಿಂದೆ, ಸೊಂಟದ ಎತ್ತರದಲ್ಲಿ, ಒಂದು ಕಬ್ಬಿಣದ ಜಾಲರಿ. ಎಷ್ಟೋ ಕೈ ಎಣ್ಣೆಬಣ್ಣ ಬಳಿದು ಬಳಿದು ಅದರ ತೂತುಗಳು ಬಹುಮಟ್ಟಿಗೆ ಮುಚ್ಚಿಹೋಗಿ ಗೋಡೆಯೇ ಆಗಿಬಿಟ್ಟಿತ್ತು. ಅದನ್ನು ಬಿಚ್ಚಿದರೆ ಒಳಗೆ ಟೊಳ್ಳು. ಒಬ್ಬ ಮನುಷ್ಯ ಅಡ್ಡವಾಗಿ ನಿಲ್ಲುವಷ್ಟು ಜಾಗ, ಗೋಡೆಯೊಳಗೇ ಮೇಲಿನವರೆಗೂ ಹೋಗಿತ್ತು. ಟಾರ್ಚ್ ಹಾಕಿ ನೋಡಿದರೆ ತುತ್ತತುದಿಯಲ್ಲಿ ಒಂದು ಚೂರು ಆಕಾಶ. ಹೊರಗಿನಿಂದ ನಾವೆಲ್ಲ ಅಲಂಕಾರ ಎಂದುಕೊಂಡಿದ್ದ ಸಣ್ಣ ಗೋಪುರದೊಳಗೆ ಅದು ತೆರೆದುಕೊಂಡಿತ್ತು. ಮೂಳೆ ಇಲ್ಲ, ಬಂಗಾರ ಇಲ್ಲ, ಪಾರಿವಾಳದ ಪುಕ್ಕ ಮಾತ್ರ ಬೊಗಸೆಗಟ್ಟಲೆ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ. ನನ್ನ ಕಳೆದುಹೋದ ಮೊಳ ಸಿಕ್ಕಿತು. ನನಗೆ ಅಷ್ಟೇ ಸಾಕಾಗಿತ್ತು. ಆ ದಿನ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಗೋರೆಗಾಂವಿಗೆ ಹೋದರೂ ಕಾಲು ನೋಯಲಿಲ್ಲ.

ಆದರೆ ಅದು ಏನು? ಜಾಲರಿಯ ಕೆಳಗೆ ಒಲೆಯ ಬಾಗಿಲಿನಂಥ ಪುಟ್ಟ ಕಬ್ಬಿಣದ ಕದವೂ ಇತ್ತು. ಅದರ ಮೇಲೆ ಫ್ರೆಂಚ್ ಅಕ್ಷರಗಳಿದ್ದವು. ಸಾಹೇಬರ ಸ್ನೇಹಿತರೊಬ್ಬರು ಓದಿ, ಕಬ್ಬಿಣ ಎರಕ ಹೊಯ್ದ ಕಾರ್ಖಾನೆಯ ಹೆಸರು, ಬೇರೇನಿಲ್ಲ ಎಂದರು. ಸಾಹೇಬರು ಆ ಕದವನ್ನು ನೋಡಿದ್ದೇ ತಡ, ಗುಪ್ತದಾರಿಯನ್ನು ಬಿಟ್ಟು ಹೊಸ ಕಥೆ ಹಿಡಿದರು. ಫ್ರಾನ್ಸಿನಲ್ಲಿ ಚಳಿ. ಅಲ್ಲಿನ ಚಾಪೆಲುಗಳಲ್ಲಿ ಬೆಂಕಿ ಹಾಕಿ ಬೆಚ್ಚಗೆ ಮಾಡಿಕೊಳ್ಳಲು ಗೋಡೆಯೊಳಗೆ ಹೊಗೆಯ ದಾರಿ ಇಡುತ್ತಾರೆ. ನಕ್ಷೆ ಅಲ್ಲಿಂದ ಬಂತು, ಇಲ್ಲಿಯ ಗೌಂಡಿಗಳು ಬಾಯಿ ಬಿಡದೆ ನಕ್ಷೆಯಲ್ಲಿದ್ದದ್ದನ್ನೆಲ್ಲ ಕಟ್ಟಿಬಿಟ್ಟರು. ವಿಲೆ ಪಾರ್ಲೆಯಲ್ಲಿ ಚಳಿ ಕಾಯಿಸುವ ಒಲೆ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಿಸ್ಟರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನಕ್ಕ ಮೇಲೆ ನನಗೊಂದು ಅನುಮಾನ ಬಂತು. ಒಳಗೆ ಎಲ್ಲೂ ಮಸಿ ಇರಲಿಲ್ಲ. ಕೇಳಿದೆ. ಇಲ್ಲಿ ಚಳಿಯೇ ಇಲ್ಲವಲ್ಲ, ಬೆಂಕಿ ಹಾಕಿರಲಿಕ್ಕಿಲ್ಲ ಎಂದರು ಸಾಹೇಬರು. ಅದೂ ಸರಿ ಎನಿಸಿತು. ಅವರ ಮುಂದೆ ಕೂತಿರುವಷ್ಟು ಹೊತ್ತೂ ಎಲ್ಲವೂ ಸರಿ ಎನಿಸುತ್ತಿತ್ತು, ಮನೆಗೆ ಹೋಗಲು ಲೋಕಲು ಹತ್ತಿದ ಮೇಲೆ ಅನುಮಾನ ಶುರುವಾಗುತ್ತಿತ್ತು.

ಮೇಲಿನಿಂದ ಮಳೆ ಒಳಗೆ ಬೀಳುತ್ತಿದೆ, ಅದೇ ರೋಗ ಎಂದು ತೀರ್ಮಾನವಾಯಿತು. ಮಿಸ್ತ್ರಿಯೂ ಹೌದೆಂದರು, ನಾನೂ ಹೌದೆಂದೆ. ಮಳೆ ಬರುವ ಮೊದಲೇ ಗೋಪುರದ ಬಾಯಿಗೆ ಸಿಮೆಂಟು ಹಾಕಿ ಬಿಗಿದೆವು. ಜಾಲರಿಯನ್ನೂ ಒಳಗಿನಿಂದ ಮುಚ್ಚಿದೆವು. ಬೇಡದ ಒಲೆಗೆ ಬೇಡದ ಕೊಳವೆ, ಇದ್ದರೆಷ್ಟು ಬಿಟ್ಟರೆಷ್ಟು.

ಜೂನಿನಲ್ಲಿ ಮಳೆ ಹಿಡಿಯಿತು. ಉತ್ತರದ ಗೋಡೆ ಮಾತ್ರ ಅಳುತ್ತಿದ್ದ ಚಾಪೆಲಿನಲ್ಲಿ ಈಗ ನಾಲ್ಕೂ ಗೋಡೆಗಳು ಅಳತೊಡಗಿದವು. ಬೆಂಚುಗಳ ಮೇಲೆ ಬೂಷ್ಟು ಬಂತು. ಪ್ರಾರ್ಥನೆಯ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಒಳಗೆ ಕಾಲಿಟ್ಟರೆ ಒದ್ದೆ ಬಟ್ಟೆಯ ವಾಸನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವು ಎಮ್ಮೆಯನ್ನೂ ಕೆಡಿಸಿದ್ದೆವು.

ಸಿಸ್ಟರ್ ನಮಗೆ ಒಂದು ಮಾತೂ ಬೈಯಲಿಲ್ಲ. ಬೆಳಿಗ್ಗೆ ಹಳೆ ಟವೆಲು ತೆಗೆದುಕೊಂಡು ಗೋಡೆಗಳನ್ನು ಒರೆಸಿ, ಬಕೆಟಿಗೆ ಹಿಂಡುತ್ತಿದ್ದರು. ಕೈಗೆ ಎಟುಕುವಷ್ಟು ಎತ್ತರದವರೆಗೆ ಗೋಡೆ ಒರೆಸಿ, ಅದರ ಮೇಲಿನದನ್ನು ನೋಡುತ್ತಾ ನಿಲ್ಲುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಮೊದಲ ಮಳೆಯಲ್ಲಿ ಹೀಗಾಗುವುದು ಸಹಜ ಎಂದರು ಸಾಹೇಬರು. ಆದರೆ ಅವರ ಮುಖವೂ ಸಣ್ಣದಾಗಿತ್ತು. ಚಾಪೆಲಿನ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಾವು ಮೂವರು ಮೂರು ಭಾಷೆಯಲ್ಲಿ ಜಗಳವಾಡಿದೆವು. ಜಾಲರಿ ಮುಚ್ಚಿದ್ದೇ ತಪ್ಪು ಎಂದೆ ನಾನು. ಹಿಂದೆ ಯಾರೋ ಒಳಗೋಡೆಗೆ ಬಳಿದ ಸಿಮೆಂಟು ಗಾರೆ ನೀರನ್ನು ಹಿಡಿದಿಟ್ಟಿದೆ ಎಂದರು ಮಿಸ್ತ್ರಿ. ಹಂಚು ಜಾರಿದೆ, ಗೋಡೆಗೆ ತಾಗಿಸಿ ಮಾಡಿದ ಹೂವಿನ ಪಾತಿಯಿಂದ ನೀರು ಏರುತ್ತಿದೆ ಎಂದರು ಸಾಹೇಬರು. ಯಾರು ಸರಿ ಎಂದು ನೋಡಲು ಒಂದೊಂದನ್ನೇ ಮಾಡಿ, ಒಂದೊಂದು ಮಳೆಗಾಲ ಕಾಯಬೇಕು. ನಮ್ಮ ಹತ್ತಿರ ಅರ್ಧ ಮಳೆಗಾಲ ಉಳಿದಿತ್ತು. ಎಲ್ಲವನ್ನೂ ಒಟ್ಟಿಗೆ ಮಾಡಿದೆವು. ಗೋಪುರದ ಸಿಮೆಂಟು ಒಡೆದು, ಮಳೆ ಬೀಳದಂತೆ ಮೇಲೆ ಕಲ್ಲಿನ ಟೋಪಿ ಕೂರಿಸಿ, ಸುತ್ತ ಗಾಳಿಗೆ ಬಿಟ್ಟೆವು. ಜಾಲರಿಗೆ ಹಾಕಿದ್ದ ಮುಚ್ಚಳ ತೆಗೆದು, ಬಣ್ಣ ಕೆರೆದು ತೂತು ಬಿಡಿಸಿದೆವು. ಸಿಮೆಂಟು ಗಾರೆ ಕಿತ್ತೆವು. ಹಂಚು ಸರಿಮಾಡಿದೆವು. ಹೂವಿನ ಪಾತಿ ತೆಗೆದೆವು. ಅದು ಸಾಲದೆಂಬಂತೆ ಆ ವರ್ಷ ಗಣಪತಿ ಕಳೆದ ಮೇಲೆ ಮಳೆಯೇ ಕೈಕೊಟ್ಟಿತು.

ಮೇಲಿನವರು ಬರುವ ಹೊತ್ತಿಗೆ ಗೋಡೆ ಒಣಗಿತ್ತು. ಅವರು ಮುಟ್ಟಿ ನೋಡಿದರು, ಎಂಜಿನಿಯರು ಮತ್ತೊಮ್ಮೆ ಬಂದು ಪರೀಕ್ಷಿಸಿ ಸಿ-ವನ್ ತೆಗೆದುಹಾಕಿದರು. ಚಾಪೆಲ್ ಉಳಿಯಿತು. ಸಿಸ್ಟರ್ ನನ್ನ ಎರಡೂ ಕೈ ಹಿಡಿದುಕೊಂಡರು. ದಸ್ತಗೀರ್ ಮಿಸ್ತ್ರಿ ಈ ಸಲ ಮರಳು ಛಲೋ ಇತ್ತು ಎಂದರು.

ಸಾಹೇಬರು ಇದರ ಬಗ್ಗೆ ಒಂದು ಭಾಷಣ ಮಾಡಿದರು. ಪರದೆಯ ಮೇಲೆ ಚಿತ್ರ ಬದಲಿಸುವವಳು ನಾನೇ. ಫ್ರೆಂಚ್ ಒಲೆಯ ಕಥೆಗೆ ಸಭೆಯೆಲ್ಲ ನಕ್ಕಿತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಇಷ್ಟು ರಿಪೇರಿಗಳಲ್ಲಿ ಗೋಡೆಯನ್ನು ಒಣಗಿಸಿದ್ದು ಯಾವುದು ಎಂದು ಕೇಳಿದರು. ಎಲ್ಲವೂ ಸೇರಿ ಎಂದು ಹೇಳಿ ಸಾಹೇಬರು ನೀರು ಕುಡಿದರು. ಮಕ್ಕಳೇ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಮಳೆ ಕಾಯಿರಿ. ಆ ಮಳೆಯನ್ನು ನಿಮಗೆ ಯಾರು ಕೊಡುತ್ತಾರೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ನನಗೆ ಆ ಟೊಳ್ಳು ಬಿಡಲಿಲ್ಲ. ಪಾರ್ಲೆಯ ಕಡೆ ಕೆಲಸವಿದ್ದ ದಿನ ಚಾಪೆಲಿಗೆ ಹೋಗಿ ಜಾಲರಿಯ ಮುಂದೆ ಊದುಬತ್ತಿ ಹಿಡಿಯುತ್ತಿದ್ದೆ. ಗಾಳಿ ಎತ್ತ ಹೋಗುತ್ತದೆ ನೋಡೋಣ ಎಂದು. ಒಂದು ದಿನ ಹೊಗೆ ಒಳಕ್ಕೆ ಹೋಗುತ್ತಿತ್ತು. ಇನ್ನೊಂದು ದಿನ ಮುಖಕ್ಕೇ ಬರುತ್ತಿತ್ತು. ಮತ್ತೊಂದು ದಿನ ನೆಟ್ಟಗೆ ಮೇಲೆ ಹೋಗಿ ನನ್ನನ್ನು ಅಣಕಿಸುತ್ತಿತ್ತು. ಸಿಸ್ಟರ್ ಬೆಂಚಿನ ಮೇಲೆ ಕೂತು ನೋಡಿ, ನಮ್ಮ ಚಾಪೆಲಿಗೆ ದಿನಾ ಮಂಗಳಾರತಿ ಎಂದು ತಮಾಷೆ ಮಾಡುತ್ತಿದ್ದರು. ಒಲೆಯೋ, ಗಾಳಿಯ ದಾರಿಯೋ, ಸುಮ್ಮನೆ ಗೌಂಡಿಯ ಹುಚ್ಚೋ, ನಿವೃತ್ತಳಾಗುವ ದಿನದವರೆಗೂ ಬಗೆಹರಿಯಲಿಲ್ಲ.

ಸಾಹೇಬರು ಆಫೀಸು ಮುಚ್ಚಿ ಪುಣೆಗೆ ಹೋದರು. ಮಿಸ್ತ್ರಿ ಮಗನಿಗೆ ಕೆಲಸ ಒಪ್ಪಿಸಿ ವಿಜಾಪುರ ಸೇರಿದರು. ನಾನು ಗೋರೆಗಾಂವಿನಲ್ಲಿ ಟಿವಿ ಮುಂದೆ ಕೂತಿದ್ದೆ. ಆಗ ರಕ್ಷಾ ಎಂಬ ಹುಡುಗಿಯ ಫೋನು ಬಂತು. ಅಪ್ಪ ಅಮ್ಮ ಕುಂದಾಪುರದವರು, ಹುಟ್ಟಿದ್ದು ಇಲ್ಲೇ, ಈಗ ಆರ್ಕಿಟೆಕ್ಟ್. ಚಾಪೆಲಿನ ಮುಂದಿನ ರಿಪೇರಿ ಅವಳ ಆಫೀಸಿಗೆ ಸಿಕ್ಕಿತ್ತು, ಹಳೆ ನಕ್ಷೆಯ ಮೂಲೆಯಲ್ಲಿ ನನ್ನ ಹೆಸರು ನೋಡಿದ್ದಳು.

ಪಾರ್ಲೆಗೆ ಹೋದೆ. ಅವರ ಹತ್ತಿರ ಈಗ ಮೂರು ಕಾಲಿನ ಯಂತ್ರವಿದೆ. ನಡುವೆ ನಿಲ್ಲಿಸಿದರೆ ತಾನೇ ಸುತ್ತ ತಿರುಗಿ ಕಟ್ಟಡವನ್ನೆಲ್ಲ ಅಳೆಯುತ್ತದೆ. ನನ್ನ ಬುದ್ಧಿ ಕೆಟ್ಟಿತೋ ಎಂದು ಹೆದರಿಸಿದ್ದ ಆ ಮೊಳವನ್ನು ಅದು ಒಂದು ಬೆಳಿಗ್ಗೆಯಲ್ಲಿ ಹಿಡಿದುಬಿಟ್ಟಿತ್ತು. ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ರಕ್ಷಾ ವಿಷಯ ಹೇಳಿದಳು. ವಿಮಾನದ ನಡುಕ, ಮೆಟ್ರೋದ ಅಗೆತ, ಇವುಗಳಿಂದ ಟೊಳ್ಳು ಗೋಡೆಗೆ ಅಪಾಯ, ಅದನ್ನು ಗಾರೆಯ ನೀರು ಹೊಯ್ದು ಗಟ್ಟಿಯಾಗಿ ತುಂಬಿಸಿಬಿಡಿ ಎಂದು ಅವರ ಎಂಜಿನಿಯರ್ ಕನ್ಸಲ್ಟೆಂಟ್ ಬರೆದುಕೊಟ್ಟಿದ್ದರು. ಮುಚ್ಚಬೇಡ, ಒಮ್ಮೆ ಮುಚ್ಚಿ ನೋಡಿದ್ದೇವೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ ಅದೇ ಪ್ರಶ್ನೆ ಕೇಳಿದಳು, ಗೋಡೆಯನ್ನು ಒಣಗಿಸಿದ್ದು ಯಾವುದು ಎಂದು.

"ನನಗೆ ಗೊತ್ತಿಲ್ಲಮ್ಮ," ಎಂದೆ.

"ಆಂಟೀ, ನಾನು ನಿಮ್ಮ ಮಾತು ನಂಬ್ತೇನೆ. ಲೇಕಿನ್ ಕನ್ಸಲ್ಟೆಂಟ್‌ಗೆ ರೀಸನ್ ಬೇಕು. ರೀಸನ್ ಇಲ್ಲದೆ ನಾನು ಹೇಗೆ ಬೇಡ ಅಂತ ಬರೀಲಿ?"

ಅವಳ ಮಾತು ಸರಿ. ಸಾಹೇಬರಾಗಿದ್ದರೆ ನಿಂತಲ್ಲೇ ಒಂದು ಕಾರಣ ಹೆಣೆದು ಕೊಡುತ್ತಿದ್ದರು. ನನಗೆ ಆ ವಿದ್ಯೆ ಬರಲಿಲ್ಲ. ಸಿಸ್ಟರ್ ಬೆನೆಡಿಕ್ಟಾ ಆಗ ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು. ಎಲ್ಲರಲ್ಲಿ ಕೊನೆಯವರಾಗಿ ಉಳಿದಿದ್ದರು. ಗೋಡೆ ತುಂಬಿಸುವುದೆಂದರೆ ಚಾಪೆಲಿಗೆ ತಿಂಗಳುಗಟ್ಟಲೆ ಬೀಗ. ಸಿಸ್ಟರ್ ಈ ಬಾಗಿಲಿನಿಂದಲೇ ಹೋಗಬೇಕೆಂದು ಆಸೆಪಟ್ಟಿದ್ದಾರೆ, ಅಲ್ಲಿಯವರೆಗೆ ತಡಿ, ಬೇರೆ ಕಾರಣ ನನ್ನಲ್ಲಿಲ್ಲ ಎಂದೆ. ರಕ್ಷಾ ತನ್ನ ಟ್ಯಾಬಿನಲ್ಲಿ ಕೆಲಸದ ದಿನಾಂಕಗಳನ್ನು ತೆರೆದಳು. ಮಳೆಗಾಲ ಮುಗಿಯುವವರೆಗೆ ಮುಂದಕ್ಕೆ ಹಾಕುತ್ತೇನೆ, ಅದಕ್ಕಿಂತ ಹೆಚ್ಚು ತನ್ನಿಂದ ಆಗದು ಎಂದಳು. ಮೇಲೆ ಹೋಗಿ ಸಿಸ್ಟರನ್ನು ನೋಡಿದೆ. ಚಾಪೆಲ್ ಉಂಟಾ ಎಂದು ಕೇಳಿದರು. ಉಂಟು ಸಿಸ್ಟರ್ ಎಂದೆ.

ಜುಲೈಯಲ್ಲಿ, ಜಡಿಮಳೆಯ ನಡುವೆ, ಅವರು ತೀರಿಕೊಂಡರು. ಲೋಕಲುಗಳು ತಡವಾಗಿ ಓಡುತ್ತಿದ್ದವು. ನಾನು ಚಾಪೆಲಿಗೆ ಮುಟ್ಟಿದಾಗ ಬೆಳಗಿನ ಪೂಜೆ ಶುರುವಾಗಿತ್ತು. ನಾನು ಆ ಚಾಪೆಲನ್ನು ಅಷ್ಟು ತುಂಬಿದ್ದಾಗ ಕಂಡೇ ಇರಲಿಲ್ಲ. ಶಾಲೆಯ ಹುಡುಗಿಯರು, ಅವರ ಹತ್ತಿರ ಲೆಕ್ಕ ಕಲಿತು ಈಗ ಅಜ್ಜಿಯರಾದವರು, ಒದ್ದೆ ಕೊಡೆ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತವರು. ಕಾಲಿಡಲು ಜಾಗವಿರಲಿಲ್ಲ. ನಡುವೆ ಸಿಸ್ಟರ್ ಮಲಗಿದ್ದ ಪೆಟ್ಟಿಗೆ, ಅದರ ಸುತ್ತ ಎದೆಯೆತ್ತರದ ಕಂಬಗಳ ಮೇಲೆ ಮೇಣದ ಬತ್ತಿಗಳು. ನಾನು ತಳ್ಳಿಸಿಕೊಳ್ಳುತ್ತಾ ಹೋಗಿ ಜಾಲರಿಯ ಪಕ್ಕದಲ್ಲಿ ನಿಂತೆ. ಅಲ್ಲಿ ರಕ್ಷಾ ಇದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಮೊಣಕೈ ಹಿಡಿದಳು. ಕಣ್ಣಲ್ಲೇ ಮೇಣದ ಬತ್ತಿ ತೋರಿಸಿದಳು. ಎಲ್ಲ ಬತ್ತಿಗಳ ಉರಿಯೂ ಒಂದೇ ಕಡೆಗೆ, ನಮ್ಮ ಕಡೆಗೆ, ಉತ್ತರದ ಗೋಡೆಯ ಕಡೆಗೆ ವಾಲಿತ್ತು. ಫ್ಯಾನಿನ ಗಾಳಿ ಎಂದು ಪಿಸುಗುಟ್ಟಿದೆ. ಅನುಮಾನ ನನಗೆ ಉಸಿರಿನಷ್ಟೇ ಅಭ್ಯಾಸ. ಹುಡುಗಿ ಹಿಂದೆ ಮುಂದೆ ನೋಡಲಿಲ್ಲ. ಜನರ ನಡುವೆ ನುಗ್ಗಿ, ಬಾಗಿಲ ಹತ್ತಿರದ ಸ್ವಿಚ್ಚುಗಳನ್ನು ಟಪಟಪ ಆರಿಸಿಬಿಟ್ಟಳು. ಫ್ಯಾನುಗಳು ನಿಧಾನವಾಗಿ ನಿಂತವು. ಹೆಂಗಸರು ಹಿಂತಿರುಗಿ ಕಣ್ಣು ಬಿಟ್ಟರು, ಪಾದ್ರಿಗಳು ಒಂದು ಕ್ಷಣ ತಲೆಯೆತ್ತಿದರು. ಸೆಖೆ ಏರಿತು, ಎಲ್ಲರ ಕೈಯಲ್ಲಿ ಕರವಸ್ತ್ರ ಬಂತು. ಬತ್ತಿಯ ಉರಿ ಒಮ್ಮೆ ನೆಟ್ಟಗಾಯಿತು. ಆಮೇಲೆ ಮತ್ತೆ, ನಿಧಾನವಾಗಿ, ಒಂದೂ ಬಿಡದೆ ಎಲ್ಲವೂ ಜಾಲರಿಯ ಕಡೆಗೆ ಬಾಗಿದವು. ನಾನು ಜಾಲರಿಯ ಮುಂದೆ ಅಂಗೈ ಹಿಡಿದೆ. ಕೈಯ ಬೆನ್ನಿಗೆ ತಾಗಿ ಗಾಳಿ ಒಳಗೆ ಹೋಗುತ್ತಿತ್ತು.

ರಕ್ಷಾ ಬೆವರು ಒರೆಸಿಕೊಳ್ಳುತ್ತಾ ಹಿಂದೆ ಬಂದಳು.

"ಆಂಟೀ, ನೀವು ಊದುಬತ್ತಿ ಹಿಡಿದು ನೋಡಿದ್ರಲ್ಲ, ಆಗ ಇಲ್ಲಿ ಎಷ್ಟು ಜನ ಇದ್ರು?"

"ನಾನು ಮತ್ತು ಸಿಸ್ಟರ್," ಎಂದೆ.

ಹೇಳಿದ ಮೇಲೆ ನನಗೇ ತಿಳಿಯಿತು. ಸಾಹೇಬರು, ಮಿಸ್ತ್ರಿ, ನಾನು, ಈ ಹುಡುಗಿಯ ಯಂತ್ರ, ನಾವೆಲ್ಲ ಖಾಲಿ ಚಾಪೆಲನ್ನೇ ನೋಡಿದ್ದು. ಜನ ತುಂಬಿದಾಗ ಅವರ ಮೈಯ ಬಿಸಿಗೆ ಒಳಗಿನ ಗಾಳಿ ಕಾದು, ಜಾಲರಿಯಲ್ಲಿ ನುಗ್ಗಿ, ಗೋಡೆಯೊಳಗಿಂದ ಮೇಲೆ ಹೋಗುತ್ತಿತ್ತು. ಫ್ರೆಂಚಿನವರು ಇದನ್ನೇ ಬಯಸಿ ಕಟ್ಟಿಸಿದರೋ, ಒಲೆ ಕಟ್ಟಲು ಹೋಗಿ ಹೀಗಾಯಿತೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಮಳೆಗಾಲದಲ್ಲಿ ಉತ್ತರದ ಗೋಡೆಯೂ ಅದರಿಂದಲೇ ಒಣಗಿತೋ ಎಂದರೆ, ಅದನ್ನೂ ಆಣೆ ಮಾಡಿ ಹೇಳಲಾರೆ.

ಪೆಟ್ಟಿಗೆಯನ್ನು ಎತ್ತಿದರು. ಬಾಗಿಲಿನಿಂದ ಸಿಸ್ಟರ್ ಬೆನೆಡಿಕ್ಟಾ ಮಳೆಗೆ ಹೋದರು, ಅವರ ಹಿಂದೆ ಹುಡುಗಿಯರು, ಅಜ್ಜಿಯರು, ಕೊಡೆಗಳು. ಜನ ಕರಗುತ್ತಾ ಬಂದ ಹಾಗೆ ಬತ್ತಿಯ ಉರಿಗಳು ಒಂದೊಂದಾಗಿ ನೆಟ್ಟಗಾದವು. ಕನ್ಸಲ್ಟೆಂಟಿಗೆ ಈಗಲೇ ಫೋನ್ ಮಾಡುತ್ತೇನೆ ಎಂದು ರಕ್ಷಾ ಹೊರಗೆ ಓಡಿದಳು. ನಾನು ಬೆಂಚಿನ ಮೇಲೆ ಕೂತು, ಯಾರೂ ಇಲ್ಲವೆಂದು ನೋಡಿಕೊಂಡು, ಜೋರಾಗಿ ಅತ್ತೆ.